ಮೀನಿದೆ, ಆದರೆ ಯಾವ ಮೀನು?

ಕೆರೆ ಮೀನು ಮಾರುವವರ ತಕ್ಕಡಿಯ ಮುಂದೆ ನಿಂತು ಯಾರೂ ‘ಒಂದು ಕೆಜಿ ಮೀನು ಕೊಡಿ’ ಎಂದಷ್ಟೇ ಕೇಳುವುದಿಲ್ಲ. ಕುದೇರಿನವರಾಗಲಿ ಗುಂಡ್ಲುಪೇಟೆಯವರಾಗಲಿ ಮೊದಲು ಹೆಸರು ಹೇಳುತ್ತಾರೆ: ಕೊರವನೋ, ಕಾಟ್ಲವೋ, ಜಿಲೇಬಿಯೋ. ತೂಕದ ಮಾತು ಆಮೇಲೆ. ಕೊರವನ ಬೆಲೆ ಬೇರೆ, ಜಿಲೇಬಿಯ ಬೆಲೆ ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ತೂಗಿದರೆ ಕೊಳ್ಳುವವರು ಒಪ್ಪುವುದಿಲ್ಲ. ಅಡುಗೆಮನೆಗೆ ಬರುವ ಮೀನಿನ ವಿಷಯದಲ್ಲಿ ನಮಗಿರುವ ಈ ಎಚ್ಚರ, ನದಿಯಲ್ಲಿರುವ ಮೀನಿನ ವಿಷಯದಲ್ಲಿ ಎಷ್ಟೋ ಕಾಲ ಇರಲಿಲ್ಲ. ಕಾವೇರಿಯಲ್ಲಿ ಮಹಶೀರ್ ಇದೆ, ಚೆನ್ನಾಗಿದೆ, ಹೆಚ್ಚುತ್ತಲೂ ಇದೆ ಎಂದು ನಂಬಿಕೊಂಡಿದ್ದ ವರ್ಷಗಳಲ್ಲೇ, ಈ ನದಿಗೇ ಸೇರಿದ ಒಂದು ಮಹಶೀರ್ ಹೆಚ್ಚುಕಡಿಮೆ ಇಲ್ಲವಾಗಿಹೋಯಿತು. ಅದು ಇಲ್ಲವಾಗುತ್ತಿರುವುದನ್ನು ತೋರಿಸಿಕೊಟ್ಟದ್ದು ದುಬಾರಿ ಉಪಕರಣವಲ್ಲ, ಗಾಳ ಹಾಕುವವರು ದಿನದಿನವೂ ಬರೆದಿಟ್ಟ ಲೆಕ್ಕದ ಪುಸ್ತಕ. ಹೆಸರು ಹಿಡಿದು ಎಣಿಸದ ಎಣಿಕೆ ಮೋಸ ಮಾಡುತ್ತದೆ, ಹೆಸರು ಹಿಡಿದು ಎಣಿಸಿದರೆ ಹವ್ಯಾಸಿಯ ದಿನಚರಿಯೂ ವಿಜ್ಞಾನವಾಗುತ್ತದೆ ಎಂಬುದು ಈ ಅಧ್ಯಾಯದ ವಾದ.

ಚಾಮರಾಜನಗರ ಜಿಲ್ಲೆಯಲ್ಲಿ ಎಲ್ಲಿ ಮಳೆ ಬಿದ್ದರೂ ಅದರ ಕೊನೆಯ ದಾರಿ ಕಾವೇರಿಯೇ. ಗುಂಡ್ಲುಹೊಳೆ ಉತ್ತರಕ್ಕೆ ಹರಿದು ಕಪಿಲೆಯನ್ನು, ಅಂದರೆ ಕಬಿನಿಯನ್ನು, ಕೂಡುತ್ತದೆ, ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ಸುವರ್ಣಾವತಿ ಯಳಂದೂರಿನ ಮೇಲೆ ಹಾದು ಕೊಳ್ಳೇಗಾಲದ ಕಡೆ ಕಾವೇರಿಯನ್ನು ಮುಟ್ಟುತ್ತದೆ. ಬಂಡೀಪುರದ ತೆಂಕಣ ಅಂಚಿನಲ್ಲಿ ಹರಿಯುವ ಮೋಯಾರ್ ತಮಿಳುನಾಡಿಗಿಳಿದು ಭವಾನಿಯಾಗಿ, ಕೊನೆಗೆ ಅದೂ ಕಾವೇರಿಯಾಗುತ್ತದೆ. ಈ ನೀರಿನ ಜಾಲದ ಒಡೆಯ ಎನ್ನಬಹುದಾದ ಮೀನು ಮಹಶೀರ್, ನಮ್ಮಲ್ಲಿ ಕೆಲವರು ಬಿಳಿಮೀನು ಎನ್ನುವುದು. ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲ ಬಳಿ, ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಭಕ್ತರು ಎಸೆಯುವ ಮಂಡಕ್ಕಿಗೆ ಬಾಯಿ ತೆರೆಯುವ ದೇವರ ಮೀನುಗಳಲ್ಲಿ ಈ ಕುಲದವೂ ಇವೆ. ಹತ್ತಿರದಿಂದ ನೋಡಿದರೆ ಇದರ ಮೈಯೇ ಇದರ ಬದುಕಿನ ಕಥೆ ಹೇಳುತ್ತದೆ. ದವಡೆಯಲ್ಲಿ ಒಂದೂ ಹಲ್ಲಿಲ್ಲ. ತುಟಿಗಳು ಮಾತ್ರ ದಪ್ಪ, ಮಾಂಸಲ, ಬಂಡೆಯ ಸಂದಿಯನ್ನು ತಡವಿ ನೋಡಲು ಹೇಳಿಮಾಡಿಸಿದಂಥವು. ಹಲ್ಲುಗಳಿರುವುದು ಗಂಟಲೊಳಗೆ, ಮೂರು ಸಾಲಾಗಿ. ಏಡಿ, ಬಸವನಹುಳು, ಮಳೆಗಾಲದಲ್ಲಿ ದಡದ ಮರದಿಂದ ಉದುರುವ ಹಣ್ಣು, ಸಣ್ಣ ಮೀನು ಯಾವುದನ್ನಾದರೂ ಒಳಗೆಳೆದುಕೊಂಡು ಅಲ್ಲಿ ಅರೆಯುತ್ತದೆ. ದೊಡ್ಡ ಮೀನಿನ ಒಂದೊಂದು ಹುರುಪೆ ಅಂಗೈ ಅಗಲ ಬರುತ್ತದೆ. ರಭಸದ ನೀರಿಗೆ ಎದುರಾಗಿ ನಿಲ್ಲುವ ಮೈಕಟ್ಟು ಇದರದು. ಹಿಡಿದವನ ದಾರವನ್ನು ರೀಲಿನಿಂದ ಎಳೆದುಕೊಂಡು ಒಂದೇ ಉಸಿರಿಗೆ ಮಡುವಿನ ಆಚೆ ಬದಿ ತಲಪುವ ಇದರ ಓಟಕ್ಕೇ ಗಾಳದವರು ಮರುಳಾದದ್ದು.

ಈ ಮರುಳಿಗೆ ದೊಡ್ಡ ಇತಿಹಾಸವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಿಂದ ಹೊರತಂದ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕದಿಂದ ಮಹಶೀರಿನ ಕೀರ್ತಿ ಸೀಮೆ ದಾಟಿತು. 1946ರ ಮಾರ್ಚ್ 22ರಂದು, ಪ್ರಾಣಿಗಳ ಚರ್ಮ ಹದಮಾಡಿ ತುಂಬುವ ಕಸುಬಿಗೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್, ಕಬಿನಿಯಲ್ಲಿ 120 ಪೌಂಡ್ ತೂಗುವ ಮಹಶೀರನ್ನು ಗಾಳದಲ್ಲಿ ಹಿಡಿದರು. ಸುಮಾರು 54 ಕೆಜಿ. ಬೆಳೆದ ಆಳಿನ ತೂಕಕ್ಕೆ ಹತ್ತಿರ. ಗಾಳಕ್ಕೆ ಬಿದ್ದ ಮಹಶೀರುಗಳಲ್ಲಿ ಅದೇ ದಾಖಲೆ. ಇಷ್ಟು ದೊಡ್ಡದಾಗಿ ಬೆಳೆಯುತ್ತಿದ್ದದ್ದು ಕಾವೇರಿ ಮತ್ತು ಅದರ ಉಪನದಿಗಳಲ್ಲಿದ್ದ ಡುಬ್ಬದ ಮಹಶೀರ್: ತಲೆಯ ಹಿಂದಿನಿಂದಲೇ ಬೆನ್ನು ಎದ್ದು ನಿಲ್ಲುವ, ಕಂಚುಬಣ್ಣದ, ಕಿತ್ತಳೆ ಛಾಯೆಯ ಬಾಲದ ಮೀನು. ಅಚ್ಚರಿಯೆಂದರೆ ಇಷ್ಟು ಹೆಸರುವಾಸಿಯಾದ ಮೀನಿಗೆ ವಿಜ್ಞಾನದಲ್ಲಿ ನೆಟ್ಟಗೆ ಒಂದು ಹೆಸರು ಇರಲಿಲ್ಲ. ಎಷ್ಟೋ ಪುಸ್ತಕಗಳು ಅದನ್ನು ಟಾರ್ ಮುಸುಲ್ಲಾ ಎಂದು ಕರೆದವು. ಆ ಹೆಸರು ಬೇರೊಂದು ಕುಲದ ಮೀನಿನದು ಎಂದು ತಿಳಿದದ್ದು ತೀರ ಈಚೆಗೆ. ಹೆಸರಿಲ್ಲದ ಜೀವಿ ಸಂರಕ್ಷಣೆಯ ಪಟ್ಟಿಗೆ ಬರಲಾರದು. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಸರಿದದ್ದು ಹೀಗೆ, ಎಲ್ಲರ ಕಣ್ಣೆದುರಿಗೇ.

ಶಿವನಸಮುದ್ರದ ಕೆಳಗೆ ಕಾವೇರಿ ಕಾಡಿನ ಕಣಿವೆಗೆ ಇಳಿಯುವಲ್ಲಿ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿ ಎಂಬ ಜಾಗಗಳಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದವು. ದೇಶವಿದೇಶದಿಂದ ಬಂದವರು ಹಣ ಕೊಟ್ಟು, ಹಿಡಿದ ಮೀನನ್ನು ತೂಗಿ, ಮತ್ತೆ ನದಿಗೇ ಬಿಡುತ್ತಿದ್ದರು. ಬಿಡುವುದು ಅಲ್ಲಿಯ ಕಟ್ಟುನಿಟ್ಟು. ತೆಪ್ಪ ಹುಟ್ಟುಹಾಕಿ ಅವರಿಗೆ ಮಡು ತೋರಿಸುತ್ತಿದ್ದವರು ಸ್ಥಳೀಯರು. ಅವರಲ್ಲಿ ಹಿಂದೆ ಬಲೆಯಿಂದಲೋ ಸಿಡಿಮದ್ದಿನಿಂದಲೋ ಮೀನು ಹಿಡಿಯುತ್ತಿದ್ದವರೂ ಇದ್ದರು. ಗಾಳಕ್ಕೆ ಹಾಕುತ್ತಿದ್ದದ್ದು ರಾಗಿ! ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ನಿಂಬೆಗಾತ್ರದ ಉಂಡೆ ಮಾಡಿ ಕೊಕ್ಕೆಗೆ ಹೊದಿಸುವುದು. ಇದು ಭಾರದ ಗಾಳ: ಉಂಡೆಯ ಮತ್ತು ಸೀಸದ ಗುಂಡಿನ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎನ್ನುವ ಗಾಳದ ಲೆಕ್ಕ ಇದಕ್ಕೆ ತಲೆಕೆಳಗು. ಅಲ್ಲಿ ಕೊಕ್ಕೆಗೆ ಸುತ್ತಿರುವುದು ಗರಿ, ಕೂದಲು, ನೂಲು. ಹುಳುವಿನ ಅಥವಾ ಸಣ್ಣ ಮೀನಿನ ಸೋಗು. ಅದಕ್ಕೆ ತೂಕವೇ ಇಲ್ಲದ್ದರಿಂದ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಗರಿಯನ್ನು ಹೊತ್ತೊಯ್ಯುತ್ತದೆ. ಯಾವ ಬಗೆಯ ಗಾಳವಾದರೂ ವಿಜ್ಞಾನಕ್ಕೆ ಬೇಕಾದದ್ದು ಒಂದೇ ಸಂಗತಿ. ಅದೇ ನೀರಿಗೆ, ಅದೇ ಬಗೆಯಲ್ಲಿ, ವರ್ಷಗಟ್ಟಲೆ ಮರಳಿ ಬರುವುದು. ಎಷ್ಟು ಹೊತ್ತು ಹಾಕಿದೆವು, ಏನು ಸಿಕ್ಕಿತು, ಎಷ್ಟು ತೂಗಿತು ಎಂದು ಬರೆಯುವುದು.

ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಪುಸ್ತಕಗಳನ್ನು ಮೀನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಕೂತು ಓದಿದರು. 2015ರಲ್ಲಿ ಅವರ ಪ್ರಬಂಧಗಳು ಬಂದವು. ಒಟ್ಟು 23,620 ಗಂಟೆಗಳ ಗಾಳ, 6,161 ಮಹಶೀರುಗಳು. ಅಂದರೆ ಒಬ್ಬ ಸುಮಾರು ನಾಲ್ಕು ಗಂಟೆ ಕೂತರೆ ಒಂದು ಮೀನು. ಇಡೀ ಮೊತ್ತವನ್ನಷ್ಟೇ ನೋಡಿದರೆ ಮನಸ್ಸಿಗೆ ಹಿತ. ವರ್ಷ ಕಳೆದಂತೆ ಗಂಟೆಯೊಂದಕ್ಕೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಇತ್ತು. ಶಿಬಿರದ ಕಾವಲಿನಿಂದ ಸಿಡಿಮದ್ದು ನಿಂತಿದೆ, ನದಿ ಚೇತರಿಸಿಕೊಂಡಿದೆ ಎಂದು ಯಾರಿಗಾದರೂ ತೋರುತ್ತದೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಪುಸ್ತಕದಲ್ಲಿ ಬರೆದವರು ಎರಡು ಬಗೆಯ ಮೀನನ್ನು ಬೇರೆ ಬೇರೆಯಾಗಿ ಗುರುತು ಹಾಕಿದ್ದರು: ಹೊಂಬಣ್ಣದ ಡುಬ್ಬದ್ದು ಒಂದು, ನೀಲಿ ರೆಕ್ಕೆಯದು ಇನ್ನೊಂದು. ಎರಡನ್ನೂ ಬಿಡಿಸಿ ಲೆಕ್ಕ ಹಾಕಿದಾಗ ಏರಿಕೆಯೆಲ್ಲ ನೀಲಿ ರೆಕ್ಕೆಯದಾಗಿತ್ತು. ಡುಬ್ಬದ ಮಹಶೀರ್ ಇಳಿಯುತ್ತ ಇಳಿಯುತ್ತ, ಸಿಗುವುದೇ ಅಪರೂಪವಾಗಿತ್ತು.

ಇಳಿದದ್ದಕ್ಕಿಂತಲೂ ಇಳಿದ ರೀತಿ ಹೆಚ್ಚು ಕಳವಳದ್ದು. ನೀಲಿ ರೆಕ್ಕೆಯ ಮೀನಿನ ಸಂಖ್ಯೆ ಏರಿದಂತೆ ಅದರ ಸರಾಸರಿ ತೂಕ ಇಳಿಯಿತು. ಇದು ಒಳ್ಳೆಯ ಲಕ್ಷಣ, ಮರಿಗಳು ಹುಟ್ಟಿ ಬೆಳೆದು ಗಾಳಕ್ಕೆ ಸಿಗುವಷ್ಟಾಗುತ್ತಿವೆ ಎಂದರ್ಥ. ಡುಬ್ಬದ ಮೀನಿನದು ಇದಕ್ಕೆ ತದ್ವಿರುದ್ಧ. ಸಿಕ್ಕವು ವರ್ಷವರ್ಷಕ್ಕೆ ಕಡಿಮೆ, ಸಿಕ್ಕರೆ ದೊಡ್ಡವು. ಹಿಡಿದವನಿಗೆ ಅದು ಸಂಭ್ರಮದ ದಿನ. ಮೂವತ್ತು ನಲವತ್ತು ಕೆಜಿಯ ಮೀನಿನ ಜೊತೆ ಫೋಟೋ. ಲೆಕ್ಕ ಬಲ್ಲವನಿಗೆ ಅದು ಕೆಟ್ಟ ಸುದ್ದಿ. ಒಂದು ಊರಿನಲ್ಲಿ ವರ್ಷ ವರ್ಷ ಸರಾಸರಿ ವಯಸ್ಸು ಏರುತ್ತಿದೆ, ಒಂದನೇ ತರಗತಿಗೆ ಸೇರುವ ಮಕ್ಕಳಿಲ್ಲ ಎಂದಾದರೆ ಆ ಊರಿನ ಮುಂದಿನ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜ ಅಜ್ಜಿಯರು ಗಟ್ಟಿಮುಟ್ಟಾಗಿರುವಷ್ಟು ಕಾಲ ಊರಲ್ಲಿ ದೀಪ ಉರಿಯುತ್ತದೆ. ಮಹಶೀರ್ ಬಹಳ ವರ್ಷ ಬಾಳುವ ಮೀನಾದ್ದರಿಂದ, ಸಂತಾನ ನಿಂತುಹೋದ ಮೇಲೂ ಹಳೆಯ ದೊಡ್ಡ ಮೀನುಗಳು ಮಡುಗಳಲ್ಲಿ ಉಳಿದು ‘ಇನ್ನೂ ಇವೆಯಲ್ಲ’ ಎಂಬ ಧೈರ್ಯ ಕೊಡುತ್ತಲೇ ಇರುತ್ತವೆ.

ಹವ್ಯಾಸಿಗಳ ಪುಸ್ತಕವನ್ನು ಇಷ್ಟು ನಂಬಬಹುದೇ ಎಂಬ ಆಕ್ಷೇಪ ಸಹಜ. ಗಾಳದವನು ಮೀನಿರುವ ಕಡೆಗೇ ಹೋಗುತ್ತಾನೆ. ದೊಡ್ಡ ಮೀನಿಗೆ ದೊಡ್ಡ ಉಂಡೆ ಹಾಕಿ ಕಾಯುತ್ತಾನೆ. ತೂಕವನ್ನು ಸ್ವಲ್ಪ ಹಿಗ್ಗಿಸಿ ಬರೆಯುವ ಆಸೆಯೂ ಮನುಷ್ಯನಿಗೆ ಉಂಟು. ಒಮ್ಮೆ ಸಿಕ್ಕು ಬಿಡಿಸಿಕೊಂಡ ಮೀನು ಮತ್ತೆ ಆ ಉಂಡೆಯ ಹತ್ತಿರ ಸುಳಿಯದಿರಬಹುದು. ಇವೆಲ್ಲ ಒಪ್ಪತಕ್ಕ ಮಾತು. ಹಾಗಾಗಿ ಈ ಪುಸ್ತಕಗಳಿಂದ ನದಿಯಲ್ಲಿ ಒಟ್ಟು ಎಷ್ಟು ಮಹಶೀರ್ ಇವೆ ಎಂದು ಹೇಳಲಾಗದು, ಪಿಂಡರ್ ಮತ್ತು ಸಂಗಡಿಗರು ಹೇಳಲೂ ಇಲ್ಲ. ಆದರೆ ಇಲ್ಲಿನ ಪ್ರಶ್ನೆ ಬೇರೆ: ಎರಡು ಮೀನುಗಳ ಪ್ರಮಾಣ ಒಂದಕ್ಕೊಂದು ಹೇಗೆ ಬದಲಾಯಿತು? ಗಾಳದವನ ಪಕ್ಷಪಾತ, ಅವನ ಉತ್ಪ್ರೇಕ್ಷೆ, ರಾಗಿಯ ಉಂಡೆಯ ಗಾತ್ರ ಎರಡೂ ಮೀನಿಗೆ ಸಮನಾಗಿ ಅನ್ವಯಿಸುತ್ತವೆ. ತಕ್ಕಡಿ ನೂರು ಗ್ರಾಂ ತಪ್ಪು ತೋರಿಸಿದರೂ, ಅದೇ ತಕ್ಕಡಿಯಲ್ಲಿ ಹದಿನಾಲ್ಕು ವರ್ಷ ತೂಗಿದಾಗ ಒಂದು ತಟ್ಟೆ ಏರಿ ಇನ್ನೊಂದು ಇಳಿದದ್ದು ಸುಳ್ಳಾಗುವುದಿಲ್ಲ. ಇನ್ನೊಂದು ಮಾತು. ದೊಡ್ಡ ಮೀನಿನ ಆಸೆಯಿಂದ ಗಾಳ ಹಾಕುವವರು ಡುಬ್ಬದ ಮಹಶೀರನ್ನೇ ಬಯಸಿ ಬರುತ್ತಿದ್ದರು. ಅಷ್ಟು ಜನ, ಅಷ್ಟು ಹಟದಿಂದ ಹುಡುಕಿಯೂ ಸಿಗದಿದ್ದ ಮೀನು, ಯಾರೂ ಹುಡುಕದೆ ಇದ್ದದ್ದರಿಂದ ಸಿಗಲಿಲ್ಲ ಎನ್ನುವಂತಿಲ್ಲ.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದು ಟಾರ್ ಖುದ್ರೀ. 1839ರಲ್ಲಿ ನಿಸರ್ಗತಜ್ಞ ಸೈಕ್ಸ್ ಅದನ್ನು ವರ್ಣಿಸಿದ್ದು ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ. ಅಂದರೆ ಕೃಷ್ಣೆಯ ಬಳಗದ್ದು. 1970ರ ದಶಕದಲ್ಲಿ ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರದಲ್ಲಿ ಮಹಶೀರಿಗೆ ಕೃತಕವಾಗಿ ಮೊಟ್ಟೆಯಿಡಿಸುವ ವಿದ್ಯೆ ಕೈಗೂಡಿತು. ದೇಶದಲ್ಲೆಲ್ಲ ಮಹಶೀರ್ ಕಡಿಮೆಯಾಗುತ್ತಿದ್ದ ಕಾಲ. ಮರಿಗಳನ್ನು ಬೆಳೆಸಿ ಬರಿದಾದ ನದಿಗಳಿಗೆ ಬಿಡುವುದು ದೊಡ್ಡ ಉಪಕಾರವಾಗಿ ಕಂಡಿತು, ಕಾವೇರಿಗೂ ಬಿಟ್ಟರು. ಬಿಟ್ಟವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಮಹಶೀರ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಮೀನನ್ನು ಸೇರಿಸಿದ್ದೇ ತಪ್ಪಿನ ಬೇರು. ಈಗ ಖುದ್ರೀ ಬಂದದ್ದರಿಂದಲೇ ಡುಬ್ಬದ್ದು ಅಳಿಯಿತು ಎಂದು ಖಚಿತವಾಗಿ ಹೇಳಬಹುದೇ? ಒಂದು ಏರಿದಾಗ ಇನ್ನೊಂದು ಇಳಿದರೆ, ಒಂದು ಇನ್ನೊಂದಕ್ಕೆ ಕಾರಣ ಎಂದು ತೀರ್ಮಾನಿಸುವುದು ಅವಸರ. ನದಿಗೆ ಬೇರೆ ಏಟುಗಳೂ ಬಿದ್ದಿವೆ. ಕನ್ನಂಬಾಡಿ, ಕಬಿನಿ, ಮೆಟ್ಟೂರು ಅಣೆಕಟ್ಟುಗಳು ಮೀನಿನ ಓಡಾಟವನ್ನು ತುಂಡುತುಂಡು ಮಾಡಿದವು. ಮಳೆ ಬಂದಾಗ ಏರಿ ಬೇಸಿಗೆಯಲ್ಲಿ ಇಳಿಯುತ್ತಿದ್ದ ನೀರು ಈಗ ಗೇಟು ತೆರೆದಾಗ ಏರುತ್ತದೆ, ಮುಚ್ಚಿದಾಗ ಇಳಿಯುತ್ತದೆ. ಮೊಟ್ಟೆಯಿಡುವ ಜಲ್ಲಿಯ ಪಾತ್ರದಿಂದ ಮರಳು ಲಾರಿ ಹತ್ತಿಹೋಯಿತು. ಆದರೂ ಒಂದು ಸುಳಿವು ಉಳಿಯುತ್ತದೆ. ಇದೇ ಅಣೆಕಟ್ಟುಗಳ ನಡುವೆ, ಇದೇ ನೀರಿನಲ್ಲಿ, ಖುದ್ರೀ ಮರಿ ಮಾಡಿ ಹೆಚ್ಚಿತು. ನದಿ ಪೂರ್ತಿ ಕೆಟ್ಟಿದ್ದರೆ ಎರಡೂ ಸೊರಗಬೇಕಿತ್ತು. ಹೊಸಬನಿಗೆ ಒಗ್ಗಿದ ಹೊಳೆ ಹಳಬನಿಗೆ ಒಗ್ಗದೆ ಹೋಗಲು, ಹೊಸಬನ ಪೈಪೋಟಿ ಕಾರಣಗಳಲ್ಲಿ ಒಂದಾಗಿರಬೇಕು ಎಂಬುದು ನನಗೆ ಹೆಚ್ಚು ಸಮಂಜಸವೆನಿಸುತ್ತದೆ.

ಹೋಗಲಿ, ಎರಡೂ ಮಹಶೀರೇ ಅಲ್ಲವೇ, ನದಿಯಲ್ಲಿ ಒಂದು ಇದ್ದರೆ ಸಾಲದೇ ಎನ್ನುವವರಿದ್ದಾರೆ. ಇದಕ್ಕೆ ಉತ್ತರ 2018ರಲ್ಲಿ ಬಂದ ಇನ್ನೊಂದು ಪ್ರಬಂಧದಲ್ಲಿದೆ. ಮೋಯಾರ್‌ನಲ್ಲಿ ಸಿಕ್ಕ ಡುಬ್ಬದ ಮೀನುಗಳ ಮೈಕಟ್ಟು ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿ ನೋಡಿದಾಗ, ಅವು ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ಹಿಂದೆಯೇ ಹೆಸರಿಟ್ಟಿದ್ದ ಟಾರ್ ರೆಮಾದೇವಿಯೇ ಎಂದು ಗೊತ್ತಾಯಿತು. ಮೀನುತಜ್ಞೆ ಕೆ. ರೆಮಾದೇವಿಯವರ ಗೌರವಕ್ಕೆ ಇಟ್ಟ ಹೆಸರದು. ಪಾಂಬಾರ್ ಕೂಡ ಮೂಡಣಕ್ಕೆ ಹರಿದು ಅಮರಾವತಿಯ ಮೂಲಕ ಕಾವೇರಿ ಸೇರುವ ಹೊಳೆ. ಮರಿಯನ್ನು ಒಂದು ಕಡೆ ಕಂಡು ಹೆಸರಿಟ್ಟಿದ್ದರು, ದೈತ್ಯನನ್ನು ಇನ್ನೊಂದು ಕಡೆ ಕಂಡು ಹೆಸರಿಲ್ಲದೆ ಬಿಟ್ಟಿದ್ದರು. ಎರಡೂ ಒಂದೇ ಎಂದು ತಿಳಿಯಲು ಇಷ್ಟು ಕಾಲ ಹಿಡಿಯಿತು. ಹೆಸರು ಸಿಕ್ಕ ವರ್ಷವೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಖುದ್ರೀಗೆ ಕೃಷ್ಣೆಯಿದೆ, ಮರಿಕೇಂದ್ರಗಳಿವೆ. ರೆಮಾದೇವಿಗೆ ಇರುವುದು ಕಾವೇರಿಯ ಬಳಗವೊಂದೇ. ಇಲ್ಲಿ ಹೋದರೆ ಜಗತ್ತಿನಲ್ಲೇ ಹೋಯಿತು. ಕೊರವನನ್ನು ಕೇಳಿದವನ ಚೀಲಕ್ಕೆ ಜಿಲೇಬಿ ಹಾಕಿ ‘ಮೀನೇ ತಾನೇ’ ಎಂದರೆ ಒಪ್ಪದವರು ನಾವು. ಇಲ್ಲಿ ಒಪ್ಪಲು ಕಾರಣ ಕಾಣೆ.

ದೂರದ ಒಂದು ಕಡಲತೀರದಲ್ಲಿ ಇದೇ ಬಗೆಯ ಎಣಿಕೆಯಿಂದ ಏನಾಯಿತೆಂದು ನೋಡಬೇಕು. ಅಮೆರಿಕದ ಮೂಡಣ ಕರಾವಳಿಯ ಜನ ಮನೆಯ ಹತ್ತಿರದ ಅಳಿವೆಗೆ, ಉಪ್ಪುನೀರಿನ ಅಂಚಿಗೆ ಹೋಗಿ ಫ್ಲೈ ಬೀಸುವುದು ಸ್ಟ್ರೈಪ್ಡ್ ಬಾಸ್ ಎಂಬ ಮೀನಿಗಾಗಿ. ಬೆಳ್ಳಿಮೈ ಮೇಲೆ ಉದ್ದುದ್ದ ಕಪ್ಪುಗೆರೆಯ ಈ ಮೀನು ಬದುಕುವುದು ಕಡಲಲ್ಲಿ, ಮೊಟ್ಟೆಯಿಡಲು ಬರುವುದು ಸಿಹಿನೀರಿನ ಹೊಳೆಗಳಿಗೆ. ಮೇರಿಲ್ಯಾಂಡ್ ರಾಜ್ಯದವರು 1954ರಿಂದ ಪ್ರತಿವರ್ಷ ಚೆಸಪೀಕ್ ಕೊಲ್ಲಿಯ ಗೊತ್ತಾದ ಜಾಗಗಳಲ್ಲಿ ದಡದ ಬಲೆ ಎಳೆದು ಆ ವರ್ಷ ಹುಟ್ಟಿದ ಮರಿಗಳನ್ನು ಎಣಿಸುತ್ತಾರೆ. 1970ರ ದಶಕದ ಕೊನೆಗೆ ಮರಿಗಳ ಎಣಿಕೆ ಕುಸಿಯಿತು. 1984ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ಮಾಡಿತು, 1985ರಲ್ಲಿ ಮೇರಿಲ್ಯಾಂಡ್ ಹಿಡಿಯುವುದನ್ನೇ ನಿಲ್ಲಿಸಿತು, 1990ರಲ್ಲಿ ಹದವಾಗಿ ಮತ್ತೆ ತೆರೆಯಿತು, 1995ರಲ್ಲಿ ಮೀನು ಚೇತರಿಸಿಕೊಂಡಿದೆ ಎಂದು ಘೋಷಿಸಿದರು. 2019ರಿಂದೀಚೆಗೆ ಮರಿಗಳ ಎಣಿಕೆ ಮತ್ತೆ ಸರಾಸರಿಗಿಂತ ಕೆಳಗಿದೆ, ಮತ್ತೆ ಕಟ್ಟುಪಾಡು ಬಿಗಿಯಾಗಿದೆ. ಅಲ್ಲಿ ನಿಷೇಧ ಬಂದಾಗಲೂ ಎಣಿಕೆ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ಬಾಗಿಲು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ಹೇಳಿದ್ದು ಅದೇ ಎಣಿಕೆ.

ನಮ್ಮಲ್ಲಿ ಗಾಳ, ಎಣಿಕೆ ಎರಡೂ ಒಟ್ಟಿಗೆ ನಿಂತವು. ಗಾಲಿಬೋರೆಯ ಸುತ್ತಲಿನ ನದಿ 1987ರಿಂದ ಕಾವೇರಿ ವನ್ಯಜೀವಿಧಾಮದ ಭಾಗ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂಬ ನಿಲುವು ಗಟ್ಟಿಯಾಗಿ, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ಮುಗಿಯಿತು. ಆ ನಿಲುವಿಗೆ ಬಲವಾದ ಕಾರಣಗಳಿವೆ. ಹುಲಿ, ಆನೆಗೆ ಒಂದು ನ್ಯಾಯ, ಮೀನಿಗೆ ಒಂದು ನ್ಯಾಯ ಎನ್ನುವಂತಿಲ್ಲ. ಮೀನಿಗೆ ನೋವಾಗುವುದಿಲ್ಲ ಎಂದು ಹಿಂದೆ ಸಲೀಸಾಗಿ ಹೇಳುತ್ತಿದ್ದರು. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ, ತುಟಿಯ ಬಳಿಯೂ, ಗಾಯಕ್ಕೆ ಸ್ಪಂದಿಸುವ ನರಗಳನ್ನು ಗುರುತಿಸಿದ ಮೇಲೆ ಆ ಮಾತು ನಿಲ್ಲದು. ಕೊಕ್ಕೆ ಚುಚ್ಚುವುದು ಅದೇ ಜಾಗಕ್ಕೆ. ಹೆಣಗಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ನೀರಿನಿಂದೆತ್ತಿದ ಕೂಡಲೇ ಕಿವಿರಿನ ತೆಳುಪದರಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟುತ್ತದೆ. ಮೀನನ್ನು ನೀರಲ್ಲೇ ಇಟ್ಟು, ಮುಳ್ಳಿಲ್ಲದ ಕೊಕ್ಕೆ ಬಳಸಿ, ಫೋಟೋದ ಆಸೆ ಬಿಟ್ಟರೆ ಈ ಹಾನಿ ಬಹಳ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬರೀ ಮೋಜಿಗಾಗಿ ಒಂದು ಜೀವಿಗೆ ಇಷ್ಟು ಕಷ್ಟ ಕೊಡಬಹುದೇ ಎಂದು ಕೇಳುವವರನ್ನು ನಾನು ಗೌರವಿಸುತ್ತೇನೆ. ಆದರೆ ಗಾಲಿಬೋರೆಯ ಪುಸ್ತಕಗಳು ಇಲ್ಲದಿದ್ದರೆ ಈ ಮೀನು ಹೋಗುತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ ಎಂಬುದೂ ಅಷ್ಟೇ ದಿಟ. ಗಾಳವನ್ನು ನಿಲ್ಲಿಸಿದ್ದರಲ್ಲಿ ನನ್ನ ತಕರಾರಿಲ್ಲ. ಅದರ ಜೊತೆಗೆ ನದಿಯ ಮೇಲಿಟ್ಟಿದ್ದ ಕಣ್ಣನ್ನೂ ತೆಗೆದದ್ದು, ಬೇರೆ ಕಣ್ಣು ಇಡದೆ ತೆಗೆದದ್ದು ದೊಡ್ಡ ನಷ್ಟ.

ಈಗ ಬೇರೆ ಕಣ್ಣು ಇಡಬಹುದು, ಅದಕ್ಕೆ ಹೊಸ ದಾರಿಯೂ ಬಂದಿದೆ. ಮೀನಿನ ಮೈಯಿಂದ ಲೋಳೆ, ಹುರುಪೆಯ ಚೂರು, ಮಲ ಸದಾ ನೀರಿಗೆ ಸೇರುತ್ತವೆ. ಮಡುವಿನಿಂದ ಕೆಲವು ಲೀಟರ್ ನೀರು ತಂದು ಸೋಸಿ, ಸೋಸಿದ ಹಾಳೆಯಲ್ಲಿ ಉಳಿದ ಡಿಎನ್‌ಎ ಓದಿದರೆ, ಒಂದೂ ಮೀನನ್ನು ಮುಟ್ಟದೆ ರೆಮಾದೇವಿ ಅಲ್ಲಿದೆಯೇ, ಖುದ್ರೀ ಮಾತ್ರ ಇದೆಯೇ ಎಂದು ಹೇಳಬಹುದು. ಹೆಸರು ಹಿಡಿದು ನೋಡುವ ಕಣ್ಣು ಇದು. ಕಾವೇರಿಯ ಮುಖ್ಯ ಹರಿವಿನಲ್ಲಿ ಕಳೆದುಹೋದ ಡುಬ್ಬದ ಮಹಶೀರ್ ಉಳಿದಿರುವ ಕೆಲವೇ ನೀರುಗಳಲ್ಲಿ ಮೋಯಾರ್ ಒಂದು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಅದರ ಕಣಿವೆ. ಮನೆಯ ಹತ್ತಿರದ ಹೊಳೆಯನ್ನು ವರ್ಷಕ್ಕೆ ನಾಲ್ಕು ಬಾರಿ, ಅದೇ ಜಾಗಗಳಲ್ಲಿ, ಹತ್ತಾರು ವರ್ಷ ಸೋಸಿ ನೋಡುವುದು ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ ಅರಣ್ಯ ಇಲಾಖೆಯ ಜೊತೆ ಸೇರಿ ಮಾಡಬಹುದಾದ ಕೆಲಸ. ಆದರೆ ಸೋಸಿದ ನೀರು ಒಂದು ಪ್ರಶ್ನೆಗೆ ಉತ್ತರ ಕೊಡಲಾರದು. ಅಲ್ಲಿ ಬಿದ್ದ ಡಿಎನ್‌ಎ ನಲವತ್ತು ಕೆಜಿಯ ಒಂದೇ ಮುದಿ ಮೀನಿನದೋ, ನಾಲ್ಕು ನೂರು ಮರಿಗಳದೋ? ಗಾಲಿಬೋರೆಯ ಪುಸ್ತಕ ಹೇಳಿದ್ದೇ ಆ ವ್ಯತ್ಯಾಸವನ್ನು. ಅದನ್ನು ತಿಳಿಯಬೇಕೆಂದರೆ ಮೇರಿಲ್ಯಾಂಡಿನವರಂತೆ, ಮಳೆಗಾಲ ಇಳಿದು ನೀರು ತಿಳಿಯಾದ ಮೇಲೆ, ಮೋಯಾರಿನ ಅಂಚಿನ ಮೊಣಕಾಲುದ್ದದ ನೀರಿನಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು, ಬೆರಳುದ್ದದ ಮರಿಯನ್ನು ತೊಯ್ದ ಅಂಗೈಯಲ್ಲಿ ಹಿಡಿದು ಬಾಲದ ಬಣ್ಣ ಕಿತ್ತಳೆಯೋ ನೀಲಿಯೋ ಎಂದು ನೋಡಬೇಕು.